ಬಲಗೈಗೆ ಒಂದೇ ಮಣಿ

ವಾಯೊಲೆಟ್ ಮೊಂತೇರೊಗೆ ಕೋಪ ಮೂಗಿನ ತುದಿಯಲ್ಲಿ ಎಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯ ಕೋಪ ಬಂದಷ್ಟೇ ಬೇಗ ಇಳಿದುಹೋಗುತ್ತದೆ. ಇವಳದ್ದು ಕಳೆದ ವರ್ಷದ ಜುಲೈಯಲ್ಲಿ ಬಂದು ಕುಳಿತದ್ದು, ಅದೇ ವರ್ಷದ ನವೆಂಬರ್ ಮುಗಿಯುತ್ತ ಬಂದರೂ ಏಳುವ ಹೆಸರೆತ್ತಿರಲಿಲ್ಲ.

ಕರಾವಳಿಯ ಶಿರ್ವದವಳು. ನರ್ಸಿಂಗ್ ಮುಗಿಸಿ ಬಹರೈನಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಮನಾಮಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸ್. ಉಮ್ ಅಲ್ ಹಸ್ಸಮ್‌ನ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮನೆಯಲ್ಲಿ ಅವಳು ಮತ್ತು ಗಂಡ ಇಗ್ನೇಷಿಯಸ್, ಇಬ್ಬರೇ. ಇಗ್ನೇಷಿಯಸ್ ಹೋಟೆಲೊಂದರ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೆಸರು ಬರೆಯುವವನು. ಹತ್ತೊಂಬತ್ತು ವರ್ಷ ಅದೇ ಮೇಜು, ಅದೇ ಕೆಲಸ. ಅವನಿಗೆ ಅರಬಿ ಓದಲು ಬರುವುದಿಲ್ಲ, ಆದರೆ ಚೀಟಿಯಲ್ಲಿದ್ದ ಅರಬಿ ಹೆಸರನ್ನು ನೋಡಿ ಬಲದಿಂದ ಎಡಕ್ಕೆ ಒಂದೇ ಉಸಿರಿಗೆ ಎಳೆದುಬಿಡುತ್ತಿದ್ದ. ಅರಬಿ ಬಲ್ಲವರೇ ನಿಂತು ನೋಡುತ್ತಿದ್ದರು. ಅಷ್ಟು ಒಳ್ಳೆಯ ಬಲಗೈ ಅದು.

ಆ ಬಲಗೈ ಹೋದದ್ದು ತನ್ನಿಂದ ಎಂದು ವಾಯೊಲೆಟ್‌ಗೆ ಗೊತ್ತಿತ್ತು. ತನಗೊಬ್ಬಳಿಗೇ ಗೊತ್ತು ಎಂದು ತಿಳಿದುಕೊಂಡಿದ್ದಳು.

ಆದದ್ದಿಷ್ಟು. ಜುಲೈಯ ಒಂದು ಬೆಳಿಗ್ಗೆ, ಆರೂಕಾಲು ಗಂಟೆ. ಕೆಳಗೆ ಆಸ್ಪತ್ರೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ವಾಯೊಲೆಟ್ ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಇಗ್ನೇಷಿಯಸ್ ಚಹಾದ ಲೋಟ ಹಿಡಿದುಕೊಂಡು, ಬೆರಳೆಲ್ಲ ಜುಮ್ಮೆನ್ನುತ್ತಿದೆ, ಕೈ ನನ್ನದಲ್ಲವೇನೋ ಅನ್ನುವ ಹಾಗಿದೆ ಎಂದ. ಅವಳು ತಲೆಯೆತ್ತದೆ, "ಸಂಜೆ ನೋಡುವ. ಮಾತ್ರೆ ತಗೊಳ್ಳಿ" ಎಂದು ಹೇಳಿ ಮೆಟ್ಟಿಲಿಳಿದಳು. ಹನ್ನೊಂದು ಗಂಟೆಗೆ ಅವನು ಹೋಟೆಲಿನ ಬೇಕರಿಯಲ್ಲಿ ಮೇಜಿನ ಬುಡಕ್ಕೆ ಬಿದ್ದ. ಸ್ಟ್ರೋಕ್. ಕೈ ಮರಗಟ್ಟಿದರೆ, ಬಾಯಿ ವಾರೆಯಾದರೆ ಒಂದು ನಿಮಿಷವೂ ಕಾಯಬೇಡಿ ಎಂದು ಪ್ರತಿ ವರ್ಷ ಹೊಸ ಹುಡುಗಿಯರಿಗೆ ಪಾಠ ಹೇಳುವವಳು ಇದೇ ವಾಯೊಲೆಟ್. ಊರಿಗೆಲ್ಲ ಬುದ್ಧಿ ಹೇಳಿ ಮನೆಯಲ್ಲಿ ಸಂಜೆ ನೋಡುವ ಎಂದಳು. ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಪಾದ್ರಿಗಳ ಹತ್ತಿರವೂ ಹೇಳಲಿಲ್ಲ.

ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಇಗ್ನೇಷಿಯಸ್ ಮನೆಗೆ ಬಂದ. ಮಾತು ಸರಿಯಾಯಿತು, ಕಾಲು ಕೂಡ ಸುಮಾರಾಗಿ ಸರಿಯಾಯಿತು. ಬಲಗೈ ಮಾತ್ರ ಭುಜದಿಂದ ಜೋತುಬಿದ್ದಿತ್ತು. ಫಿಸಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ ಹಿಚುಕಬೇಕು, ಮೊದಲ ಕೆಲವು ತಿಂಗಳು ಚಿನ್ನದಂಥವು, ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ ಎಂದಿದ್ದರು. ಹೋಟೆಲಿನವರು ನವೆಂಬರ್ ಕೊನೆಯವರೆಗೆ ಜಾಗ ಕಾದಿರಿಸುತ್ತೇವೆ ಎಂದರು. ಡಿಸೆಂಬರಿನಲ್ಲಿ ಪಾರ್ಟಿಗಳ ಸಾಲು. ಅಷ್ಟರೊಳಗೆ ಬರೆಯಲು ಬಂದರೆ ಸರಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಬಯಲುಸೀಮೆಯ ಕಡೆ ಹಿಂದೆ ಮನೆಯ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಂತೆ. ಇಗ್ನೇಷಿಯಸ್ ಆ ಚೆಂಡನ್ನು ಹಾಗೆಯೇ ದಿನವೂ ವಾಪಸು ಕಳಿಸಿದ. ಬೆಳಿಗ್ಗೆ ಕೇಳಿದರೆ ತಿಂಡಿಯಾಗಲಿ, ತಿಂಡಿಯಾದರೆ ಬಿಸಿಲು ಇಳಿಯಲಿ, ಬಿಸಿಲು ಇಳಿದರೆ ಇವತ್ತು ಯಾಕೋ ಭುಜ ನೋವು, ನಾಳೆಯಿಂದ ಸರಿಯಾಗಿ ಶುರು ಮಾಡುವ. ಹೇಳುವುದೂ ನಗುತ್ತಲೇ. ಆ ನಗು ಕಂಡರೆ ವಾಯೊಲೆಟ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದಳು. ಅವನ ಮೊಬೈಲಿನಲ್ಲಿ ಮೂರು ಅಲಾರಾಂ ಇಟ್ಟಳು. ಡ್ಯೂಟಿಯ ನಡುವೆ ಶೌಚಾಲಯಕ್ಕೆ ಹೋಗಿ ಫೋನು ಮಾಡಿ, ಮಾಡಿದಿರಾ ಎಂದು ಕೇಳಿದಳು. ಮಾಡಿದೆ ಎಂದ. ಮನೆಗೆ ಬಂದು ನೋಡಿದರೆ ಚೆಂಡಿನ ಮೇಲೆ ಧೂಳು ಕೂತಿತ್ತು.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಅವನ ತಮ್ಮ ರಾಯ್‌ಸ್ಟನ್ ಅವಾಲಿಯಿಂದ ಕಾರಿನಲ್ಲಿ ಬಂದ. ಎಣ್ಣೆ ಕಂಪನಿಯಲ್ಲಿ ದೊಡ್ಡ ಕೆಲಸ, ದೊಡ್ಡ ಮನೆ, ಮಾತು ಇನ್ನೂ ದೊಡ್ಡದು. ಸೋಫಾದಲ್ಲಿ ಕುಳಿತು ಅಣ್ಣನಿಗೆ ಇಪ್ಪತ್ತೊಂದು ದಿನದ ಸೂತ್ರ ಹೇಳಿದ. ಯಾವುದನ್ನೇ ಆದರೂ ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸವಾಗಿಬಿಡುತ್ತದಂತೆ, ಎಲ್ಲ ಮನಸ್ಸಿನ ಆಟವಂತೆ. ಎರಡು ವೀಡಿಯೊ ತೋರಿಸಿ, ಆರು ನೀರುದೋಸೆ ತಿಂದು ಹೋದ. ಅವನ ಮನೆಯ ಟ್ರೆಡ್‌ಮಿಲ್ಲಿನ ಮೇಲೆ ಒದ್ದೆ ಟವೆಲ್ ಒಣಗುವುದನ್ನು ವಾಯೊಲೆಟ್ ಕಣ್ಣಾರೆ ಕಂಡಿದ್ದಳು. ಹೇಳುವುದು ಒಂದು, ಮಾಡುವುದು ಇನ್ನೊಂದು. ಆದರೂ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು, ಯಾಕೆಂದರೆ ಸಂಜೆ ನೋಡುವ ಎಂದವಳಿಗೆ ಇನ್ನೊಬ್ಬರ ಟ್ರೆಡ್‌ಮಿಲ್ಲಿನ ಸುದ್ದಿ ಎತ್ತುವ ಮುಖವಿರಲಿಲ್ಲ.

ಆಗಸ್ಟ್ ಹೋಯಿತು, ಸೆಪ್ಟೆಂಬರ್ ಅರ್ಧ ಹೋಯಿತು. ಬೆರಳು ಒಂದಿಂಚೂ ಮಡಚಲಿಲ್ಲ.

ಆ ಮನೆಯಲ್ಲಿ ಒಂದು ಕ್ರಮವಿತ್ತು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಐದು ಸಾಲು, ಸಾಲಿಗೆ ಹತ್ತು ಮಣಿ, ಮಣಿಗೊಂದು ನಮೋ ಮರಿಯಾ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅದು ಒಂದು ದಿನವೂ ತಪ್ಪಿದ್ದಿಲ್ಲ. ನೈಟ್ ಡ್ಯೂಟಿಯಿದ್ದರೆ ಫೋನಿನಲ್ಲಿ, ಊರಿಗೆ ಹೋಗುವ ದಿನವಾದರೆ ವಿಮಾನ ನಿಲ್ದಾಣದ ಕುರ್ಚಿಯಲ್ಲಿ, ಜ್ವರ ಬಂದರೆ ಹಾಸಿಗೆಯಲ್ಲಿ. ಆಸ್ಪತ್ರೆಯಲ್ಲಿ ಮಾತು ತೊದಲುವಾಗಲೂ ಇಗ್ನೇಷಿಯಸ್ ತುಟಿಯಾಡಿಸಿದ್ದ. ಇಬ್ಬರೂ ಕಣ್ಣು ಮುಚ್ಚಿಕೊಂಡು ಹೇಳುವುದು ವಾಡಿಕೆ.

ಸೆಪ್ಟೆಂಬರಿನ ಒಂದು ಸಂಜೆ ವಾಯೊಲೆಟ್‌ಗೆ ಕಣ್ಣು ಮುಚ್ಚಲಾಗಲಿಲ್ಲ. ಬೆಳಿಗ್ಗೆ ಇಟ್ಟುಹೋದ ಜಾಗದಲ್ಲೇ ಚೆಂಡು ಬಿದ್ದಿರುವುದನ್ನು ನೋಡಿ ಬಂದು ಕುಳಿತಿದ್ದಳು, ಪಿತ್ತ ನೆತ್ತಿಗೇರಿತ್ತು. ಬಾಯಲ್ಲಿ ನಮೋ ಮರಿಯಾ, ಕಣ್ಣು ಗಂಡನ ಮೇಲೆ. ಆಗ ಕಂಡಿತು. ಇಗ್ನೇಷಿಯಸ್ ಮಣಿ ಸರಿಸುತ್ತಿದ್ದದ್ದು ಎಡಗೈಯಲ್ಲಿ. ಆಸ್ಪತ್ರೆಯಿಂದ ಬಂದಂದಿನಿಂದ ಹಾಗೆಯೇ ಇದ್ದಿರಬೇಕು. ಆರು ವಾರ ದಿನವೂ ಎದುರೆದುರು ಕೂತು ಅವಳು ನೋಡಿರಲಿಲ್ಲ. ಇಲ್ಲದ ಅಭ್ಯಾಸವೊಂದನ್ನು ಕಟ್ಟಲು ಹೋಗಿ ಫ್ರಿಜ್ಜಿಗೆ ಕಾಗದ ಅಂಟಿಸಿದಳು, ಅಲಾರಾಂ ಇಟ್ಟಳು. ಇಪ್ಪತ್ತೆರಡು ವರ್ಷದ ಅಭ್ಯಾಸ ಮೂಗಿನ ಮುಂದೆಯೇ ಇತ್ತು, ಬೇರೆ ಕೈಯಲ್ಲಿ. ಇವನು ಮೈಗಳ್ಳ ಅಲ್ಲ, ನಾನೇ ಕುರುಡಿ ಎಂದು ಅವಳಿಗೆ ತನ್ನ ಮೇಲೆಯೇ ಹೇಳಲಾರದಷ್ಟು ಸಿಟ್ಟು ಬಂತು.

ಬಂದ ಸಿಟ್ಟನ್ನು ಗಂಡನ ಮೇಲೆ ತೀರಿಸಿದಳು. ಜಪಮಾಲೆಯನ್ನು ಎಡಗೈಯಿಂದ ಕಿತ್ತು ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿಸಿ, ಇನ್ನು ಮುಂದೆ ಇದರಲ್ಲೇ, ಐವತ್ತೂ ಇದರಲ್ಲೇ ಎಂದಳು. ಪ್ರಾರ್ಥನೆಯನ್ನು ವ್ಯಾಯಾಮ ಮಾಡುವುದು ಪಾಪವಲ್ಲವೇ ಎಂದು ಇಗ್ನೇಷಿಯಸ್ ಮೆಲ್ಲಗೆ ಕೇಳಿದ.

"ಮರಿಯಾ ಮಾತೆಗೆ ಕೋಪ ಬಂದ್ರೆ ನನ್ನ ಮೇಲೆ ಬರ್ಲಿ" ಎಂದಳು ವಾಯೊಲೆಟ್. "ನೀವು ಮಣಿ ದೂಡಿ."

ಒಂದು ಮಣಿ ದಾಟಲು ಎಂಟು ನಿಮಿಷ ಹಿಡಿಯಿತು. ನಾಲ್ಕನೆಯದಕ್ಕೆ ಅವನ ಮುಂಗೈ ನಡುಗತೊಡಗಿತು, ಹಣೆಯಲ್ಲಿ ಬೆವರು. ಅವಳು ಬಿಡಲಿಲ್ಲ. ಐದನೆಯ ಮಣಿಗೆ ಕೈಯೆಲ್ಲ ಸೆಟೆದುಕೊಂಡು ಜಪಮಾಲೆ ನೆಲಕ್ಕೆ ಬಿತ್ತು. ಇಗ್ನೇಷಿಯಸ್ ಅದನ್ನು ಎತ್ತಿಕೊಳ್ಳದೆ ಎದ್ದು ಹೋಗಿ ಮಲಗಿದ. ಮರುದಿನ ಏಳಕ್ಕೆ ಅವಳು ಬಂದು ಕುಳಿತರೆ ಅವನು ಕೋಣೆಯಿಂದ ಹೊರಗೇ ಬರಲಿಲ್ಲ. ಇವತ್ತು ಬೇಡ, ನಾಳೆ ಹೇಳುವ ಎಂದ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ತೇರ್ಸ್ ತಪ್ಪಿತು. ತಪ್ಪಿಸಿದ್ದು ಲಕ್ವವಲ್ಲ, ವಾಯೊಲೆಟ್. ಅವನ ಬಳಿ ಮುರಿಯದೆ ಉಳಿದಿದ್ದ ಒಂದೇ ಒಂದನ್ನೂ ತನ್ನ ಕೈಯಾರೆ ಮುರಿದಳು. ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ಮತ್ತೊಮ್ಮೆ ಸದ್ದು ಮಾಡಿಕೊಂಡು ತೊಳೆದಳು. ವಾರ್ಡಿನಲ್ಲಿ ಎದ್ದು ನಿಲ್ಲಲಾರದ ರೋಗಿಗೆ ಬಾಗಿಲವರೆಗೆ ನಡಿ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಮೊದಲ ದಿನ ಮಂಚದ ಅಂಚಿಗೆ ಕೂರಿಸುವುದು, ಅಷ್ಟೇ. ಪರರ ಗಂಡಂದಿರಿಗೆ ಇರುವ ತಾಳ್ಮೆ ಸ್ವಂತ ಗಂಡನಿಗೆ ಯಾಕಿಲ್ಲ ಎಂದು ಯೋಚಿಸಿದಳು. ಉತ್ತರ ಅವಳಿಗೆ ಗೊತ್ತಿತ್ತು. ಪರರ ಗಂಡಂದಿರ ಕೈಯನ್ನು ಅವಳು ಹಾಳು ಮಾಡಿರಲಿಲ್ಲ.

ಮೂರನೆಯ ಸಂಜೆ ಅವನ ಮಂಚದ ಬಳಿಯೇ ಕುರ್ಚಿ ಎಳೆದುಕೊಂಡು ಕುಳಿತಳು. ಕ್ಷಮೆ ಕೇಳುವುದು ಅವಳ ಜಾಯಮಾನವಲ್ಲ. ಸಿಡುಕುತ್ತಲೇ, "ಒಂದು ಮಣಿ ಬಲಗೈಯಲ್ಲಿ. ಒಂದೇ. ಉಳಿದದ್ದನ್ನು ಎಡಗೈಯಲ್ಲಿ ಮಾಡಿ, ನಾನೇನೂ ಹೇಳುವುದಿಲ್ಲ" ಎಂದಳು.

ಇಗ್ನೇಷಿಯಸ್ ಅವಳ ಮುಖ ನೋಡಿದ. ಒಂದು ಮಣಿಯನ್ನು ಬೇಡ ಎನ್ನಲು ಅವನಿಗೂ ನೆಪ ಸಿಗಲಿಲ್ಲ. ಏಳು ನಿಮಿಷ ಹಿಡಿಯಿತು. ಉಳಿದ ನಲವತ್ತೊಂಬತ್ತನ್ನು ಎಡಗೈಯಲ್ಲಿ ಮುಗಿಸಿದರು. ಮರುದಿನವೂ ಒಂದು. ಅದರ ಮರುದಿನವೂ ಒಂದು. ವಾಯೊಲೆಟ್ ಹಲ್ಲು ಕಚ್ಚಿಕೊಂಡಿದ್ದಳು, ಎರಡು ಮಾಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿರುತ್ತಿತ್ತು. ಆರನೆಯ ದಿನ ಅವನೇ ಎರಡನೆಯ ಮಣಿಗೆ ಹೆಬ್ಬೆರಳು ಹಾಕಿದ. ಅವಳು ಏನೂ ಕಾಣದವಳ ಹಾಗೆ ಕಣ್ಣು ಮುಚ್ಚಿಕೊಂಡಳು. ಕೆಲವು ದಿನ ಹಿಂದೆ ಹೋದ, ಮೂರರಿಂದ ಒಂದಕ್ಕೆ ಇಳಿದ. ಆದರೆ ತೇರ್ಸ್ ತಪ್ಪಲಿಲ್ಲ, ಆ ಒಂದು ಮಣಿಯೂ ತಪ್ಪಲಿಲ್ಲ. ರಬ್ಬರ್ ಚೆಂಡಿನ ಮೇಲೆ ಧೂಳು ಹಾಗೆಯೇ ಇತ್ತು, ಇನ್ನು ಇದು ಬೇಡ ಎಂದು ಅವಳು ಚೆಂಡನ್ನೇ ಕಸದ ಡಬ್ಬಿಗೆ ಹಾಕಿದಳು.

ಅಕ್ಟೋಬರ್ ಬಂತು. ಅದು ತೇರ್ಸಿನ ತಿಂಗಳು. ಪ್ರಾರ್ಥನಾ ಗುಂಪಿನವರು ದಿನಕ್ಕೊಂದು ಮನೆಯಲ್ಲಿ ಸೇರುತ್ತಾರೆ, ಆ ಮನೆಯ ಯಜಮಾನ ಮೊದಲ ಸಾಲು ಹೇಳಿಸಬೇಕು. ಮೊಂತೇರೊ ಮನೆಯ ಸರದಿಯ ದಿನ ಹದಿನಾಲ್ಕು ಜನ ಬಂದು ಚಾಪೆ, ಸೋಫಾ, ಮಂಚ ಎಲ್ಲ ತುಂಬಿದರು. ಅಷ್ಟರಲ್ಲಿ ಇಗ್ನೇಷಿಯಸ್ ಹತ್ತು ಮಣಿಯವರೆಗೆ ಬಂದಿದ್ದ, ಅಂದರೆ ಸರಿಯಾಗಿ ಒಂದು ಸಾಲು. ಜಪಮಾಲೆಯನ್ನು ಬಲಗೈಗೆ ತೆಗೆದುಕೊಂಡ. ಮಣಿ ಸರಿಯುವವರೆಗೆ ಮುಂದಿನ ನಮೋ ಮರಿಯಾ ಅವನ ಬಾಯಿಂದ ಹೊರಡುವುದಿಲ್ಲ. ಮೊದಲ ಮಣಿ, ಎರಡನೆಯದು. ಜನ ಕೆಮ್ಮಿದರು. ಯಾರದೋ ಮೊಬೈಲು ಬೆಳಗಿತು. ಮೂರನೆಯ ಮಣಿಯಲ್ಲಿ ಬೆರಳು ಸಿಕ್ಕಿಕೊಂಡಿತು.

ಗುಂಪನ್ನು ನಡೆಸುವವಳು ಕ್ಯಾರೆನ್. ಬ್ಯಾಂಕಿನಲ್ಲಿ ಕೆಲಸ, ಚುರುಕು ಹೆಂಗಸು, ಕೆಟ್ಟವಳಲ್ಲ. ಎಲ್ಲವೂ ಗಡಿಯಾರದ ಪ್ರಕಾರ ಆಗಬೇಕು, ಅಷ್ಟೇ. ಅವಳು ಬಗ್ಗಿ ನಯವಾಗಿಯೇ ಹೇಳಿದಳು: "ಅಂಕಲ್, ಎಡಗೈಯಲ್ಲಿ ಹಿಡ್ಕೊಳ್ಳಿ, ಪರ್ವಾಗಿಲ್ಲ. ದೇವರು ನೋಡುವುದು ಮನಸ್ಸನ್ನು ಅಲ್ವಾ?"

ಇಗ್ನೇಷಿಯಸ್‌ನ ಎಡಗೈ ಮೇಲೆದ್ದಿತು. ಬದಲಾಯಿಸಿಬಿಡುತ್ತಿದ್ದ, ಯಾರಿಗೂ ತೊಂದರೆ ಕೊಡದೆ ಬದುಕಿದ ಮನುಷ್ಯ. ಒಂದು ಸಲ ಜನರೆದುರು ಬದಲಾಯಿಸಿದರೆ ನಾಳೆ ಒಬ್ಬನೇ ಇದ್ದಾಗಲೂ ಬದಲಾಯಿಸುತ್ತಾನೆ ಎಂದು ವಾಯೊಲೆಟ್‌ಗೆ ಖಂಡಿತವಾಗಿ ಗೊತ್ತಿತ್ತು. ಅವಳು ಕೂತಲ್ಲಿಂದಲೇ ಹೇಳಿದಳು.

"ದೇವರು ಮನಸ್ಸು ನೋಡ್ತಾರೆ ಕ್ಯಾರೆನ್. ಹೋಟೆಲಿನವರು ಕೈ ನೋಡ್ತಾರೆ. ಅರ್ಜೆಂಟ್ ಇದ್ದವರು ಹೋಗ್ಬಹುದು. ಚಹಾ ಮಾಡಿಟ್ಟಿದ್ದೇನೆ, ಕುಡ್ದು ಹೋಗಿ."

ಯಾರೂ ಏಳಲಿಲ್ಲ. ಕ್ಯಾರೆನ್‌ಳ ಮುಖ ಕೆಂಪಾಯಿತು, ಆದರೆ ಕಣ್ಣು ಮುಚ್ಚಿಕೊಂಡು ಕುಳಿತಳು. ಹತ್ತು ಮಣಿಗೆ ಇಪ್ಪತ್ತಾರು ನಿಮಿಷವಾಯಿತು. ಆಮೇಲೆ ಚಹಾ ಕುಡಿಯುವಾಗ ಯಾರೂ ವಾಯೊಲೆಟ್‌ಳ ಹತ್ತಿರ ಹೆಚ್ಚು ಮಾತಾಡಲಿಲ್ಲ. ಅವಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ನವೆಂಬರ್ ಮೂರನೆಯ ವಾರದ ಹೊತ್ತಿಗೆ ಐವತ್ತೂ ಮಣಿ ಬಲಗೈಗೆ ಬಂದಿದ್ದವು. ತೇರ್ಸ್ ಒಂದು ಗಂಟೆ ಹಿಡಿಯುತ್ತಿತ್ತು. ಜೊತೆಗೆ, ಯಾರೂ ಹೇಳದೆಯೇ ಇಗ್ನೇಷಿಯಸ್ ಅಂಗಿಯ ಒಂದು ಗುಂಡಿ ಹಾಕಲು ಶುರು ಮಾಡಿದ್ದ, ದಿನಕ್ಕೆ ಒಂದೇ ಗುಂಡಿ. ಆಮೇಲೆ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಅದರಲ್ಲಿ ಹಿಟ್ಟು ಕಲಸಿ ತುಂಬಿ ತಟ್ಟೆಯ ಮೇಲೆ ದಿನವೂ ಒಂದು ಗೆರೆ ಎಳೆಯುತ್ತಿದ್ದ. ವಾಯೊಲೆಟ್ ತಟ್ಟೆ ತೊಳೆಯುವಾಗ ಆ ಗೆರೆ ನೋಡುತ್ತಿದ್ದಳು. ಒಂದು ದಿನ ನೆಟ್ಟಗಿತ್ತು, ಎರಡು ದಿನ ಹಾವು ಹರಿದ ಹಾಗಿತ್ತು.

ಹೋಟೆಲಿನವರು ಕೊಟ್ಟ ಗಡುವಿನ ಕೊನೆಯ ದಿನ ಅವಳು ರಜೆ ಹಾಕಿ ಗಂಡನ ಜೊತೆ ಹೋಟೆಲಿಗೆ ಹೋದಳು. ಬೇಕರಿಯ ಮುಖ್ಯಸ್ಥ ಅಬ್ದುಲ್ ಹಕೀಂ ಬಂಟ್ವಾಳದ ಕಡೆಯ ಬ್ಯಾರಿ. ಇಗ್ನೇಷಿಯಸ್‌ನನ್ನು ಹತ್ತೊಂಬತ್ತು ವರ್ಷದಿಂದಲೂ ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಪೊರ್ಬುಗಳೇ ಎಂದೇ ಕರೆಯುವವನು. ಅವನು ಹಳೆಯ ಮೇಜು ಒರೆಸಿ, ಒಂದು ಬಿಳಿ ಕೇಕು ಇಟ್ಟು, ಚೀಟಿಯಲ್ಲಿ 'ಮಬ್ರೂಕ್' ಎಂದು ಅರಬಿಯಲ್ಲಿ ಬರೆದು ಪಕ್ಕಕ್ಕಿಟ್ಟ. ಅಭಿನಂದನೆ ಎಂದರ್ಥ. ಇಗ್ನೇಷಿಯಸ್ ಅದನ್ನು ಸಾವಿರಾರು ಸಲ ಬರೆದಿದ್ದ. ಬಲಗೈಯಲ್ಲಿ ಕ್ರೀಮಿನ ಚೀಲ ಹಿಡಿದು, ಎಡಗೈಯ ಆಸರೆಯಿಲ್ಲದೆ, ಬಲತುದಿಯಿಂದ ಶುರು ಮಾಡಿದ. ಹಿಂದೆ ಅರ್ಧ ನಿಮಿಷದ ಕೆಲಸ; ಈಗ ಹದಿನೇಳು ನಿಮಿಷ. ಕೊನೆಗೆ ಅಕ್ಷರದ ಕೆಳಗಿನ ಒಂಟಿ ಚುಕ್ಕಿಯನ್ನು ಇಟ್ಟಾಗ ಅದು ಚುಕ್ಕಿಯಾಗದೆ ಬಾಲ ಎಳೆದುಕೊಂಡಿತು. ಆದರೂ ಅರಬಿ ಬಲ್ಲವರು ಓದಬಹುದಿತ್ತು.

ಅಬ್ದುಲ್ ಹಕೀಂ ಕೇಕನ್ನು ಬೆಳಕಿನ ಕಡೆ ತಿರುಗಿಸಿ ನೋಡಿದ. ಆಮೇಲೆ ವಾಯೊಲೆಟ್‌ಳ ಕಡೆ ತಿರುಗಿ, "ಬಾಯಮ್ಮ, ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ. ಇದು ಮದುವೆಯ ಕೇಕಿಗೆ ಆಗ್ಲಿಕ್ಕಿಲ್ಲ" ಎಂದ. ಬರೆಯುವ ಮೇಜಿಗೆ ಹೊಸಬನೊಬ್ಬ ಸೋಮವಾರದಿಂದ ಬರುತ್ತಾನೆ. ಆದರೆ ಚೀಲ ಹಿಡಿಯುವ ಕೈ ಹಿಟ್ಟನ್ನೂ ಹಿಡಿಯುತ್ತದೆ, ಬೆಳಗಿನ ಬನ್ನು ಸುತ್ತುವ ಕಡೆ ಪೊರ್ಬುಗಳಿಗೆ ಜಾಗವಿದೆ, ವೀಸಾ ಮುಂದುವರಿಸಲು ಮ್ಯಾನೇಜರನ್ನು ತಾನು ಒಪ್ಪಿಸಿದ್ದೇನೆ ಎಂದ. ಇಗ್ನೇಷಿಯಸ್ ಒಪ್ಪಿ ತಲೆಯಾಡಿಸಿ, ಹಳೆಯ ಮೇಜಿನ ಮೇಲೆ ಬಿದ್ದಿದ್ದ ಕ್ರೀಮನ್ನು ಒರೆಸಿ ಹೊರಗೆ ಬಂದ.

ಬಸ್ ಸ್ಟಾಪಿನವರೆಗೆ ವಾಯೊಲೆಟ್ ತಡೆದುಕೊಂಡಳು. ಅಲ್ಲಿ ಶುರುವಾಯಿತು. ಹೋಟೆಲಿನವರಿಗೆ ಬೈದಳು, ಇನ್ನೂ ಕಾಣದ ಹೊಸಬನಿಗೆ ಬೈದಳು, ಆಮೇಲೆ ಗಂಡನ ಕಡೆ ತಿರುಗಿದಳು. ಆಗಸ್ಟಿನಲ್ಲೇ ಶುರು ಮಾಡಿದ್ದರೆ ಇವತ್ತು ಆ ಮೇಜು ನಿಮ್ಮದೇ ಆಗಿರುತ್ತಿತ್ತು, ಒಂದು ಮಣಿ, ದಿನಕ್ಕೆ ಏಳು ನಿಮಿಷ, ಆರು ವಾರ ನಾಳೆ ನಾಳೆ ಎಂದು ತಿಂದುಹಾಕಿದಿರಿ ಎಂದಳು. ಇಗ್ನೇಷಿಯಸ್ ಎಂದಿನ ಹಾಗೆ ಸುಮ್ಮನೆ ನಿಂತಿದ್ದ. ಅವನ ಆ ಸುಮ್ಮನಿರುವಿಕೆಯ ಎದುರು ಅವಳ ಮಾತು ಒಮ್ಮೆಲೇ ನಿಂತುಹೋಯಿತು. ಆರು ವಾರ ಅವನದು ನಿಜ. ಆ ಬೆಳಿಗ್ಗೆ ಯಾರದು?

"ಆ ದಿನ ಬೆಳಿಗ್ಗೆ ನೀವು ಕೈ ಜುಮ್ ಅಂತದೆ ಅಂದಿರಿ" ಎಂದಳು. "ನಾನು ನರ್ಸ್. ಸಂಜೆ ನೋಡುವ ಅಂದೆ. ನಿಮ್ಮ ಕೈ ಹೋದದ್ದು ನನ್ನಿಂದ."

"ಗೊತ್ತುಂಟು" ಎಂದ ಇಗ್ನೇಷಿಯಸ್.

ಅವಳು ಅವನನ್ನೇ ನೋಡಿದಳು.

"ಆಸ್ಪತ್ರೆಯಲ್ಲಿ ನೀನು ನನ್ನ ಮುಖ ನೋಡದೆ ಡ್ರಿಪ್ ಸರಿ ಮಾಡ್ತಾ ಇದ್ದೆ ಅಲ್ವಾ, ಆಗಲೇ ಗೊತ್ತಾಯ್ತು. ನಾನೂ ಕೆಲಸಕ್ಕೆ ಹೋದೆನಲ್ಲ ಮಾರಾಯ್ತಿ. ಮಾತ್ರೆಯೂ ತಗೊಂಡಿರ್ಲಿಲ್ಲ. ನಿನಗೆ ಬೈಲಿಕ್ಕೆ ಯಾರಾದರೂ ಬೇಕಿತ್ತು. ಬೈದುಕೊಳ್ಳಲಿ ಅಂತ ಸುಮ್ಮನಿದ್ದೆ."

"ನಾಲ್ಕು ತಿಂಗಳು" ಎಂದಳು ವಾಯೊಲೆಟ್. "ನಾಲ್ಕು ತಿಂಗಳು ನಾನು ಒಳಗೊಳಗೇ ಸಾಯ್ತಾ ಇದ್ದೆ. ಈ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಇಗ್ನೇಷಿಯಸ್ ತನ್ನ ಚಪ್ಪಲಿ ನೋಡಿಕೊಂಡ. "ಇವತ್ತು ಹೇಳುವ, ನಾಳೆ ಹೇಳುವ ಅಂತ ಇದ್ದೆ" ಎಂದ.

ವಾಯೊಲೆಟ್‌ಗೆ ಆಗ ಬಂದ ಸಿಟ್ಟಿಗೆ ಮೇರೆಯೇ ಇರಲಿಲ್ಲ. ಅಳು ಬರುತ್ತಿತ್ತು, ಅದಕ್ಕೂ ಸಿಟ್ಟು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಇಗ್ನೇಷಿಯಸ್ ಮುಂದೆ ಹತ್ತಿ, ಬಸ್ಸಿನ ಕಾರ್ಡನ್ನು ಜೇಬಿನಿಂದ ಬಲಗೈಯಲ್ಲಿ ತೆಗೆಯಲು ನೋಡಿದ. ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಹಿಂದೆ ಬಿಸಿಲಿನಲ್ಲಿ ನಿಂತಿದ್ದ ಸಾಲು ಗೊಣಗತೊಡಗಿತು. ವಾಯೊಲೆಟ್ ಕಣ್ಣೊರೆಸಿಕೊಂಡು ಹಿಂದೆ ತಿರುಗಿದಳು, ಅವರು ಯಾವ ದೇಶದವರು, ಯಾವ ಭಾಷೆಯವರು ಎಂದು ಕೂಡ ನೋಡದೆ ಅಪ್ಪಟ ಕೊಂಕಣಿಯಲ್ಲಿ ಬೈದಳು. ಮೂರನೆಯ ಸಲಕ್ಕೆ ಕಾರ್ಡು ಹೊರಗೆ ಬರುವವರೆಗೂ ಬೈದಳು.